ಪಲ್ಪರ್ ಮನೆಯ ಗಿಟಾರು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಗೊಣಗಬಾರದು. ನಮ್ಮ ಮನೆತನ ಎಲ್ಲಿಂದ ಬಂತು, ಯಾರು ಯಾರಿಗೆ ತೋಟ ಬರೆದುಕೊಟ್ಟರು ಎಂಬುದೆಲ್ಲ ಈ ಅಧ್ಯಾಯದಲ್ಲಿ ಇಲ್ಲ. ಅದನ್ನು ಹೇಳಲು ನಮ್ಮ ನೆಂಟರಲ್ಲಿ ಬೇಕಾದಷ್ಟು ಜನ ಇದ್ದಾರೆ, ಮದುವೆ ಮನೆಯಲ್ಲಿ ಅವರ ಪಕ್ಕ ಕೂತರೆ ಸಾಕು. ನಾನು ಹೇಳಹೊರಟಿರುವುದು ನನ್ನ ಚಿಕ್ಕಪ್ಪನ ಮಾತು. ಅಪ್ಪನ ತಮ್ಮ, ಸೋಮಶೇಖರ, ಮನೆಯವರ ಬಾಯಲ್ಲಿ ಸೋಮ. ಈ ಬೆಟ್ಟಗಳಲ್ಲಿ ಕರೆಂಟಿನ ಗಿಟಾರು ಹಿಡಿದ ಮೊದಲಿಗರಲ್ಲಿ ಅವನೊಬ್ಬ. ಪ್ಲಾಂಟರುಗಳ ಕ್ಲಬ್ಬಿನಲ್ಲಿ ಜಾಝ್ ನುಡಿಸಿದವನು, ಮದ್ರಾಸಿನ ಸ್ಟುಡಿಯೋಗಳಲ್ಲಿ ಕೂತು ಸಿನಿಮಾ ಹಾಡುಗಳಿಗೆ ಬಾರಿಸಿದವನು. ನಿಮ್ಮ ಅಪ್ಪ ಅಮ್ಮಂದಿರು ಆ ಹಾಡುಗಳಿಗೆ ಕಾಲು ಕುಣಿಸಿದ್ದಾರೆ. ಹಾಡಿದವರ ಹೆಸರು ನಿಮಗೆ ಗೊತ್ತು, ಬರೆದವರ ಹೆಸರು ಗೊತ್ತು, ಪರದೆಯ ಮೇಲೆ ಕುಣಿದವಳು ಉಟ್ಟಿದ್ದು ಏನು ಅನ್ನುವುದೂ ಗೊತ್ತು. ಸೋಮನ ಹೆಸರು ಮಾತ್ರ ಗೊತ್ತಿಲ್ಲ. ಇಲ್ಲಿಯವರೆಗೆ ಗೊತ್ತಿಲ್ಲದಿದ್ದರೆ ಹೋಗಲಿ. ಇನ್ನು ಮೇಲೆ ಗೊತ್ತಿಲ್ಲ ಎಂದರೆ ನಾನು ಒಪ್ಪುವವಳಲ್ಲ.

ನಮ್ಮ ಮನೆ ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿತ್ತು. ದೊಡ್ಡ ಎಸ್ಟೇಟೇನಲ್ಲ. ಯಾರಾದರೂ 'ನಿಮ್ಮ ಬಂಗಲೆ' ಅಂದರೆ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಡುಗೆಮನೆಯೇ ಮನೆಯ ಅರ್ಧಭಾಗ ನುಂಗಿತ್ತು. ಅದರ ಹಿಂಬಾಗಿಲು ತೆರೆದರೆ ಕಾಫಿ ಒಣಗಿಸುವ ಕಣ, ಕಣದ ಆಚೆಗೆ ತಗಡು ಹೊದಿಸಿದ ಪಲ್ಪರ್ ಮನೆ. ಊರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ನಾವು ಓದುತ್ತಿದ್ದದ್ದು, ಉಣ್ಣುತ್ತಿದ್ದದ್ದು, ಜಗಳವಾಡುತ್ತಿದ್ದದ್ದು ಎಲ್ಲ ಸೀಮೆಎಣ್ಣೆ ದೀಪದಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಪಲ್ಪರ್ ಮನೆಯಲ್ಲಿ ಕರೆಂಟು ಹುಟ್ಟುತ್ತಿತ್ತು. ಕೊಯ್ದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ಒಂದು ಡೀಸೆಲ್ ಎಂಜಿನ್ನು ತಿರುಗಿಸುತ್ತಿತ್ತು. ಅದೇ ಎಂಜಿನ್ನಿಗೆ ಇನ್ನೊಂದು ಬೆಲ್ಟು ಹಾಕಿ, ತೂಕ ಮಾಡುವವರಿಗೆ ಮುಳ್ಳು ಕಾಣಲಿ ಅಂತ, ಬಲ್ಬು ಉರಿಸಲು ಸಣ್ಣ ಜನರೇಟರು ಕೂರಿಸಿದ್ದರು. ಆ ಜನರೇಟರಿನಿಂದ ಒಂದು ತಂತಿ ಎಳೆದು ಚಿಕ್ಕಪ್ಪ ತನ್ನ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಗೆ ಸಿಕ್ಕಿಸಿಕೊಂಡಿದ್ದ. ಹಾಗಾಗಿ ನಮ್ಮ ಮನೆಯಲ್ಲಿ ಸಂಗೀತಕ್ಕೂ ಹಂಗಾಮು ಇತ್ತು. ಹಣ್ಣು ಬಂದರೆ ಜಾಝ್, ಹಣ್ಣು ಮುಗಿದರೆ ಮೌನ.

ಆ ಗಿಟಾರನ್ನು ಅವನು ಮಂಗಳೂರಿನ ಕಾಲೇಜಿಗೆ ಹೋದಾಗ ತಂದಿದ್ದು. ಡಿಗ್ರಿ ತರಲಿಲ್ಲ, ಗಿಟಾರು ತಂದ. ಟೊಳ್ಳು ಹೊಟ್ಟೆಯ ಗಿಟಾರು, ತಂತಿಗಳ ಕೆಳಗೆ ಅಯಸ್ಕಾಂತ, ಅಲ್ಲಿಂದ ಹೊರಟ ಬಳ್ಳಿಯಂಥ ವೈರು ನೆಲದ ಮೇಲಿನ ಪೆಟ್ಟಿಗೆಗೆ. ಪೆಟ್ಟಿಗೆಯೊಳಗೆ ಗಾಜಿನ ವಾಲ್ವುಗಳು ಕೆಂಪಗೆ ಕಾಯುವುದನ್ನು ಹಿಂಬದಿಯಿಂದ ಇಣುಕಿ ನೋಡುವುದು ನನಗೆ ದೊಡ್ಡ ಸಂಭ್ರಮ. ಮಳೆ ಹಿಡಿದ ಮೇಲೆ ಗಿಟಾರಿನ ಮರ ಬೂಸಲು ಹಿಡಿಯದಿರಲಿ ಅಂತ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಕರಿಮೆಣಸಿನ ಚೀಲಕ್ಕೂ ಒಣಮೀನಿನ ಬುಟ್ಟಿಗೂ ನಡುವೆ ಇಡುತ್ತಿದ್ದರು. ಮದ್ರಾಸಿನಲ್ಲಿ ಇವನು ಗಿಟಾರು ಹೊರಗೆ ತೆಗೆದ ಕೂಡಲೇ ಮೀನಿನ ವಾಸನೆಗೆ ಪಿಟೀಲಿನವರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರಂತೆ. ಚಿಕ್ಕಪ್ಪ ಅದನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಜಾಝ್ ಎಂದರೇನು ಅಂತ ನಾನು ಒಮ್ಮೆ ಕೇಳಿದ್ದೆ. ಕಣದ ಕಟ್ಟೆಯ ಮೇಲೆ ಕೂತು ತಂತಿ ಬಿಗಿಯುತ್ತಿದ್ದವನು ತಲೆ ಎತ್ತದೆ ಹೇಳಿದ:

"ಶಾಲೆಯಿಂದ ದಿನಾ ಒಂದೇ ದಾರೀಲಿ ಬರ್ತೀಯಲ್ಲ, ಅದು ಹಾಡು. ಒಂದಿನ ತೋಟಕ್ಕೆ ನುಗ್ಗಿ, ಹಳ್ಳ ಹಾರಿ, ಬೇಲಿ ತೂರಿ ಬರ್ತೀಯ ಅಂದ್ಕೋ. ಎಲ್ಲಿ ಬೇಕಾದ್ರೂ ಸುತ್ತು. ಊಟದ ಹೊತ್ತಿಗೆ ಮನೆಗೇ ಬಂದು ಸೇರ್ಬೇಕು. ಅಷ್ಟೆ ಮಾರಾಯ್ತಿ."

ಅಪ್ಪನಿಗೆ ಇದೊಂದೂ ಹಿಡಿಸುತ್ತಿರಲಿಲ್ಲ. ಅಪ್ಪ ಕೆಟ್ಟವನಲ್ಲ, ಆದರೆ ಅವನಿಗೆ ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಬೀಳಬೇಕು, ಮಾರನೆಯ ದಿನಕ್ಕೆ ಉಳಿದರೆ ಹುಳಿ ಬರುತ್ತದೆ ಎಂಬ ಒಂದೇ ಚಿಂತೆ. ಮುಚ್ಚಂಜೆಯಾಗುತ್ತಲೇ ಎಂಜಿನ್ನು ಶುರುವಾಗುತ್ತಿತ್ತು. ಯಂತ್ರದ ಬಾಯಿಗೆ ಹಣ್ಣು ಸುರಿಯುವ ಕೆಲಸವನ್ನು ಅಪ್ಪ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಗೋಡೆಯ ಪಕ್ಕದಲ್ಲಿ ಚೀಲಗಳ ಮೇಲೆ ಕೂತು ಚಿಕ್ಕಪ್ಪ ಗಿಟಾರು ಸುರುಮಾಡುತ್ತಿದ್ದ. ಅದರ ಜೊತೆಗೇ ಅವರಿಬ್ಬರ ಮಾತೂ.

"ಇದು ಕಾಫಿಗೆ ಅಂತ ಹಾಕ್ಸಿದ ಎಂಜಿನ್ನು ಕಣೋ. ನಿನ್ನ ತಂತಿ ಮೀಟಕ್ಕಲ್ಲ."

"ಕಾಫಿ ಏನು ಬೇಡ ಅಂತದಾ ಅಣ್ಣ? ಅದೂ ಕೇಳ್ಲಿ ಬಿಡು."

"ಬಲ್ಬು ಮಂಕಾಗ್ತದೆ ಮಾರಾಯ! ಮುಳ್ಳು ಕಾಣಲ್ಲ ಅಂತ ಲೆಕ್ಕ ಬರಿಯೋ ರೈಟರು ಬಾಯಿ ಬಡ್ಕೊಳ್ತಾನೆ."

ಮಾತಿನಲ್ಲಿ ಸೋತಾಗ ಅಪ್ಪ ಬುಟ್ಟಿಗೆ ಕೈ ಹಾಕುತ್ತಿದ್ದ. ಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು, ಅದು ಕ್ರಮ. ಅಪ್ಪ ಬೇಕೆಂದೇ ಇಡೀ ಬುಟ್ಟಿಯನ್ನು ಒಮ್ಮೆಲೇ ಬಗ್ಗಿಸುತ್ತಿದ್ದ. ಯಂತ್ರಕ್ಕೆ ಉಸಿರು ಕಟ್ಟಿ ಎಂಜಿನ್ನು ನರಳುತ್ತಿತ್ತು, ಬಲ್ಬು ಕೆಂಪಗಾಗುತ್ತಿತ್ತು, ಗಿಟಾರಿನ ಪೆಟ್ಟಿಗೆಯ ಸದ್ದು ಇಳಿದು ಇಳಿದು ಸತ್ತೇ ಹೋಗುತ್ತಿತ್ತು. ಹಣ್ಣು ಒಳಗೆ ಇಳಿದ ಮೇಲೆ ಎಲ್ಲ ಮತ್ತೆ ಮೇಲಕ್ಕೇಳುತ್ತಿತ್ತು. ಹೀಗೆ ಅಣ್ಣ ತಮ್ಮನ ಬಾಯಿ ಮುಚ್ಚಿಸುತ್ತಿದ್ದ. ಮೊದಮೊದಲು ಚಿಕ್ಕಪ್ಪ ಗಿಟಾರು ಪಕ್ಕಕ್ಕಿಟ್ಟು ಬೈಯುತ್ತಿದ್ದ. ಆಮೇಲೆ ಬೈಯುವುದನ್ನು ಬಿಟ್ಟ. ಅವನು ಎಂಜಿನ್ನಿಗೆ ಕಿವಿಗೊಡತೊಡಗಿದ್ದ. ಬೆಲ್ಟಿನ ಸದ್ದು ಒಂದು ಚೂರು ದಪ್ಪವಾದರೆ ಸಾಕು, ಬಲ್ಬು ಮಂಕಾಗುವ ಮೊದಲೇ ತಂತಿಯಿಂದ ಕೈ ಎತ್ತಿಬಿಡುತ್ತಿದ್ದ. ಬರಿಗಾಲಿನಿಂದ ನೆಲ ತಟ್ಟುತ್ತಾ ಕಾಯುತ್ತಿದ್ದ. ಎಂಜಿನ್ನು ಚೇತರಿಸಿಕೊಂಡ ಕೂಡಲೇ, ತಾಳ ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೇ, ನಡುವೆ ಏನೂ ಆಗಲೇ ಇಲ್ಲವೆಂಬಂತೆ ಮತ್ತೆ ಒಳಗೆ ಬರುತ್ತಿದ್ದ. ಬಾಯಿ ಮುಚ್ಚಿಸಲು ಬಂದವನ ಕೈಯಿಂದ ಮೌನವನ್ನೂ ಕಿತ್ತುಕೊಂಡು ಅದನ್ನೇ ಹಾಡಿಗೆ ಸೇರಿಸಿಕೊಂಡಿದ್ದ. ಯಾರು ಏನು ಬೇಕಾದರೂ ಹೇಳಲಿ, ಇದಕ್ಕಿಂತ ದೊಡ್ಡ ಉತ್ತರವನ್ನು ನಾನು ಈ ವಯಸ್ಸಿನವರೆಗೂ ಎಲ್ಲೂ ಕೇಳಿಲ್ಲ.

ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಬುಟ್ಟಿ ಎತ್ತಿದ, ಬಗ್ಗಿಸುವ ಹಾಗೆ ಮಾಡಿದ, ಆದರೆ ಬಗ್ಗಿಸಲಿಲ್ಲ. ಬುಟ್ಟಿ ಎದ್ದದ್ದನ್ನು ಕಂಡೇ ಚಿಕ್ಕಪ್ಪನ ಕೈ ಆಗಲೇ ಮೇಲಕ್ಕೆ ಹೋಗಿತ್ತು. ಎಂಜಿನ್ನು ಕುಗ್ಗಲಿಲ್ಲ, ಬಲ್ಬು ಮಂಕಾಗಲಿಲ್ಲ, ಗಿಟಾರು ಮಾತ್ರ ನಿಂತಿತ್ತು. ಮೋಸ ಹೋಗಿದ್ದು ಗೊತ್ತಾಗಿ ಚಿಕ್ಕಪ್ಪ ಅಪ್ಪನ ಮುಖ ನೋಡಿದ. ಆದರೂ ಅವಸರ ಮಾಡಲಿಲ್ಲ. ಕಾಲು ತಟ್ಟಿದ, ಕಾದ, ತನ್ನ ಹೊತ್ತಿಗೆ ಒಳಗೆ ಬಂದ. ಆ ಖಾಲಿ ಜಾಗ ಎಷ್ಟು ಚೆನ್ನಾಗಿತ್ತೆಂದರೆ, ನಗಲು ಬಾಯಿ ತೆರೆದಿದ್ದ ಅಪ್ಪ ಹಾಗೇ ನಿಂತುಬಿಟ್ಟ. ಬುಟ್ಟಿ ಇನ್ನೂ ಅವನ ಕೈಯಲ್ಲೇ ಇತ್ತು.

ಆ ಖಾಲಿ ಜಾಗಗಳನ್ನು ಬಳಸಿಕೊಂಡವಳು ಇನ್ನೊಬ್ಬಳಿದ್ದಳು, ನಮ್ಮ ಅಜ್ಜಿ. ಅಡುಗೆಯಾದ ಮೇಲೆ ಅವಳು ಹಿಂಬಾಗಿಲಲ್ಲಿ ನಿಂತು ಮಗನನ್ನು ಕರೆಯಬೇಕಿತ್ತು. ಪೆಟ್ಟಿಗೆ ಅಬ್ಬರಿಸುವಾಗ ಕರೆದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಜ್ಜಿಯೂ ಕಾಯುವುದನ್ನು ಕಲಿತಳು. ಗಿಟಾರು ನಿಂತ ಗಳಿಗೆಯಲ್ಲಿ ಬಾಗಿಲ ದಾರಂದ ಹಿಡಿದು, ಕಣ ದಾಟುವ ಗಂಟಲಲ್ಲಿ ಕೂಗುತ್ತಿದ್ದಳು:

"ಸೋಮಾ!"

ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಆ ಜಾಗದಲ್ಲಿ ಹಿಡಿಸುತ್ತಿರಲಿಲ್ಲ. ಗಿಟಾರು ಮತ್ತೆ ಶುರುವಾಗಿ, ಆ ಹಾಡು ಮುಗಿದು, ಅಣ್ಣತಮ್ಮ ಇಬ್ಬರೂ ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದರು. ನನಗಂತೂ ಅಜ್ಜಿಯ ಕೂಗು ಆ ಸಂಗೀತದ್ದೇ ಒಂದು ಭಾಗ ಅನ್ನಿಸುತ್ತಿತ್ತು.

ಹಾಗಂತ ಅಜ್ಜಿ ಅವನ ಪರ ಅಂತ ತಿಳಿಯಬೇಡಿ. ಕೊಯ್ಲು ಮುಗಿದ ಮೇಲೆ ಚಿಕ್ಕಪ್ಪ ಮದ್ರಾಸಿಗೆ ಹೋಗಿ, ಮಳೆ ಹಿಡಿಯುವ ಹೊತ್ತಿಗೆ ವಾಪಸು ಬರುತ್ತಿದ್ದ. ಅಲ್ಲಿ ಅವನನ್ನು ಹೆಚ್ಚಾಗಿ ಕರೆಯುತ್ತಿದ್ದದ್ದು ಖಳನಾಯಕನ ಅಡ್ಡೆಯಲ್ಲಿ ಹುಡುಗಿಯರು ಕುಣಿಯುವ ಹಾಡುಗಳಿಗೆ. ಇದು ಯಾವುದೋ ಮದುವೆಯಲ್ಲಿ ನೆಂಟರ ಬಾಯಿಗೆ ಸಿಕ್ಕಿತು. 'ನಿಮ್ಮ ಸೋಮ ಕ್ಯಾಬರೆಗೆ ಬಾರಿಸ್ತಾನಂತೆ' ಅಂತ ಒಬ್ಬಾಕೆ ಅಜ್ಜಿಯ ಮುಖಕ್ಕೇ ಅಂದಳು. ಕಳಸದ ಕಡೆಯಿಂದ ಬರಬೇಕಾಗಿದ್ದ ಒಂದು ಹೆಣ್ಣಿನ ಪ್ರಸ್ತಾಪವೂ ಅಲ್ಲಿಗೇ ನಿಂತಿತು. ಅಜ್ಜಿ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದು, ಒಂದು ಭಾನುವಾರ ಕಡುಬು, ಹಂದಿ ಸಾರು ಬಡಿಸುವಾಗ ಹೊರಗೆ ಹಾಕಿದಳು.

"ಬಾರ್ಸೋದು ಬಾರ್ಸು. ನಿಮ್ಮಪ್ಪನ ಹೆಸ್ರು, ಈ ಮನೆ ಹೆಸ್ರು ಅಲ್ಲೆಲ್ಲೂ ಬರಕೂಡ್ದು."

ಚಿಕ್ಕಪ್ಪ ಕಡುಬು ಮುರಿಯುತ್ತಾ ನಕ್ಕ. "ಹೆದರ್ಬೇಡ ಅವ್ವ. ಮನೆ ಹೆಸ್ರಿರ್ಲಿ, ನನ್ನ ಹೆಸ್ರನ್ನೇ ಹಾಕಲ್ಲ ಅವ್ರು."

ಸೌಟು ಗಾಳಿಯಲ್ಲೇ ನಿಂತಿತು. "ಎಂತಕ್ಕೆ ಹಾಕಲ್ಲ?"

"ಪದ್ಧತಿ ಇಲ್ಲ. ಹಾಡಿದವ್ರದ್ದು ಹಾಕ್ತಾರೆ, ಬರೆದವ್ರದ್ದು ಹಾಕ್ತಾರೆ, ರಾಗ ಕಟ್ಟಿದವ್ರದ್ದು ಹಾಕ್ತಾರೆ. ನಾವು ಬಾರಿಸಿ ಎದ್ದು ಬರೋದು."

"ಬಾರ್ಸಿದ್ದು ನೀನೇ ಅಲ್ವಾ?"

"ನಾನೇ."

"ಮತ್ತೆ ಎಂತಕ್ಕೆ ಹಾಕಲ್ಲ? ನೀನೇನು ಕದ್ದು ಬಾರ್ಸಿದ್ಯಾ?"

ಅಪ್ಪನಿಗೆ ತಡೆಯಲಾಗಲಿಲ್ಲ. "ಈಗ ತಾನೆ ಹೆಸ್ರು ಬೇಡ ಅಂದ್ಯಲ್ಲ ಅವ್ವ!"

"ಬೇಡ ಅನ್ನೋಳು ನಾನು, ಹೆತ್ತೋಳು. ಬೇಡ ಅನ್ನಕ್ಕೆ ಅವ್ರು ಯಾರು?"

ಸಾರು ಆರುತ್ತಿತ್ತು. ಅವ್ವ, ಅಂದರೆ ನನ್ನ ತಾಯಿ, ನಗು ಬಂದು ಒಲೆಯ ಕಡೆ ತಿರುಗಿ ಕೂತಳು. ಅಜ್ಜಿ ಮಾತ್ರ ನಗುವ ಹಾಗೆ ಕಾಣಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು. ಮಗ ನಾಚಿಕೆಗೆಟ್ಟ ಕೆಲಸ ಮಾಡುತ್ತಾನೆಂದು ಅವಳಿಗೆ ಸಿಟ್ಟು ಇತ್ತು ನಿಜ. ಮಗ ಮಾಡಿದ ಕೆಲಸದಲ್ಲಿ ಮಗನ ಹೆಸರೇ ಇಲ್ಲ ಅನ್ನುವುದು ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ. ಆವತ್ತು ಊಟ ಮುಗಿಯುವಷ್ಟರಲ್ಲಿ ನೆಂಟರ ಮೇಲಿದ್ದ ಕೋಪವೆಲ್ಲ ಮದ್ರಾಸಿನ ಕಡೆಗೆ ತಿರುಗಿತ್ತು. ಅದು ಕೊನೆಯವರೆಗೂ ಇಳಿಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಚಿಕ್ಕಪ್ಪ ಮದ್ರಾಸಿನಲ್ಲಿದ್ದ. ಪಲ್ಪರ್ ಮನೆಗೆ ಬೀಗ ಬಿದ್ದಿತ್ತು. ಮಧ್ಯಾಹ್ನ ಅಡುಗೆಮನೆಯ ಗೂಡಿನಲ್ಲಿ ಬ್ಯಾಟರಿ ರೇಡಿಯೋ ಹಾಡುತ್ತಿತ್ತು. ಅಜ್ಜಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ನಾನು ಕಾಯಿ ತುರಿಯುತ್ತಿದ್ದೆ, ಅಪ್ಪ ಆಗಷ್ಟೇ ತೋಟದಿಂದ ಬಂದು ಹೊರಗೆ ಕಾಲು ತೊಳೆಯುತ್ತಿದ್ದ. ಯಾವುದೋ ಹೊಸ ಸಿನಿಮಾದ ಹಾಡು ಬಂತು. ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ಹಿಂದೆ ಸರಿದು ಗಿಟಾರೊಂದೇ ಮುಂದೆ ಬಂತು. ಗಿಟಾರು ಅಂತ ನಾನೇನೂ ಕಿವಿ ನೆಟ್ಟಗೆ ಮಾಡಲಿಲ್ಲ, ಎಷ್ಟೋ ಹಾಡಿನಲ್ಲಿ ಬರುತ್ತದೆ. ಅದು ಓಡಿತು, ಏರಿತು, ಇದ್ದಕ್ಕಿದ್ದಂತೆ ನಿಂತಿತು. ರೇಡಿಯೋದಲ್ಲಿ ಏನೂ ಇಲ್ಲ. ರೊಟ್ಟಿಯ ಮೇಲೆ ಕೈಯಿಟ್ಟುಕೊಂಡೇ ಅಜ್ಜಿ ಹಿಂಬಾಗಿಲ ಕಡೆ ಮುಖ ತಿರುಗಿಸಿ ಕೂಗಿದಳು:

"ಸೋಮಾ!"

ಗಿಟಾರು ತನ್ನ ಹೊತ್ತಿಗೆ ಸರಿಯಾಗಿ ಒಳಗೆ ಬಂತು.

ತಾನು ಏನು ಮಾಡಿದೆ ಅನ್ನುವುದು ಅಜ್ಜಿಗೆ ಆಮೇಲೆ ಗೊತ್ತಾಯಿತು. ಕಣದಲ್ಲಿ ಯಾರೂ ಇರಲಿಲ್ಲ, ಬಿಸಿಲು ಮಾತ್ರ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವಳಿಗೆ ರಾಗ ಗೊತ್ತಿಲ್ಲ, ಶ್ರುತಿ ಗೊತ್ತಿಲ್ಲ, ಆ ವಾದ್ಯದ ಹೆಸರನ್ನು ಸರಿಯಾಗಿ ಹೇಳಲೂ ಬರುತ್ತಿರಲಿಲ್ಲ. ಮಗ ಸುಮ್ಮನಾಗುವ ರೀತಿ ಗೊತ್ತಿತ್ತು. ಅಪ್ಪ ಒದ್ದೆ ಕಾಲಲ್ಲೇ ಒಳಗೆ ಬಂದು ರೇಡಿಯೋದ ಮುಂದೆ ನಿಂತ. ಹಾಡು ಮುಗಿದ ಮೇಲೆ ಮೀಸೆ ಒರೆಸಿಕೊಂಡು ಹೇಳಿದ:

"ಅದು ನನ್ನ ಬುಟ್ಟಿ."

ನನಗೆ ಅಳು ಬಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ರೇಡಿಯೋದವರು ಹಾಡಿದವರು ಯಾರು, ಬರೆದವರು ಯಾರು, ಸಂಗೀತ ಯಾರದು ಅಂತ ಹೇಳಿ ಮುಂದಿನ ಹಾಡಿಗೆ ಹೋದರು. ಅಜ್ಜಿ ಸೀದ ರೊಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟು, ರೇಡಿಯೋಕ್ಕೆ ಕೈ ತೋರಿಸಿ, "ಗಿಟಾರು ನಮ್ಮ ಸೋಮ. ಹೇಳೋ, ಬಾಯಿ ಬಿದ್ದೋಗಿದ್ಯಾ?" ಅಂದಳು. ಆ ಮಳೆಗಾಲ ಚಿಕ್ಕಪ್ಪ ಬಂದಾಗ ಎಲ್ಲ ವರದಿಯಾಯಿತು. ಅವನು ಅಲ್ಲಿ ಕೈ ಎತ್ತಿದ್ದು ಅಭ್ಯಾಸಬಲದಿಂದಂತೆ. ಸಂಗೀತ ನಿರ್ದೇಶಕರು ಮೊದಲು ಕರೆಂಟು ಹೋಯಿತೆಂದುಕೊಂಡರಂತೆ. ಆಮೇಲೆ ಮತ್ತೊಮ್ಮೆ ಬಾರಿಸಲು ಹೇಳಿ, ಉಳಿದವರೂ ಅಲ್ಲಿ ನಿಲ್ಲಬೇಕೆಂದು ಅಪ್ಪಣೆ ಮಾಡಿದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಅದೊಂದು ನೇಮವಾಯಿತು. ಆ ಹಾಡು ಎಲ್ಲಿ ಬಂದರೂ, ಯಾರ ಮುಂದೆ ಬಂದರೂ, ಆ ಜಾಗ ಬಂದ ಕೂಡಲೇ ಯಾರಾದರೊಬ್ಬರು "ಸೋಮಾ" ಅಂತ ಕೂಗಬೇಕು. ಬಂದ ನೆಂಟರು ಬೆಚ್ಚಿಬಿದ್ದು ಕಾಫಿ ಚೆಲ್ಲಿಕೊಂಡದ್ದುಂಟು. ಹಾಡಿನವರು ಹೆಸರು ಹಾಕದಿದ್ದರೆ ನಾವು ಹಾಕುತ್ತೇವೆ, ಅವನೇ ಜಾಗ ಬಿಟ್ಟಿದ್ದಾನಲ್ಲ. ನಾನು ಈ ಬುದ್ಧಿಯಲ್ಲೇ ಬೆಳೆದವಳು. ಮುಂದೆ ತೋಟ ಪಾಲಾಗುವಾಗ ಹೆಣ್ಣುಮಗಳು ಅಂತ ನನ್ನ ಹೆಸರನ್ನು ಬಿಟ್ಟು ಕಾಗದ ಮಾಡಿಸಲು ಹೊರಟಿದ್ದರು. ಹಿರಿಯರೆಲ್ಲ ಕೂತಿದ್ದ ಜಗಲಿಗೆ ಹೋಗಿ ನಾನು ಕೇಳಿದ್ದು ಅಜ್ಜಿಯ ಮಾತನ್ನೇ, 'ಎಂತಕ್ಕೆ ಹಾಕಲ್ಲ?' ನನ್ನ ಪಾಲಿಗೆ ಬಂದ ತೋಟದಲ್ಲಿ ಈಗಲೂ ನಾನೇ ಕೊಯ್ಲು ಮಾಡಿಸುತ್ತೇನೆ.

ಅಜ್ಜಿ ಹೋದಳು, ಅಪ್ಪ ಹೋದ. ಮದ್ರಾಸಿನಲ್ಲಿ ಹೊಸ ವಾದ್ಯಗಳು ಬಂದು ಚಿಕ್ಕಪ್ಪನನ್ನು ಕರೆಯುವುದು ಕಡಿಮೆಯಾಯಿತು. ಅವನು ಊರಿಗೇ ಬಂದು, ಮದುವೆಯ ಗೊಡವೆಗೆ ಹೋಗದೆ, ತೋಟ ನೋಡಿಕೊಂಡು, ಸಂಜೆ ಸಂಜೆ ಬಾರಿಸಿಕೊಂಡಿದ್ದು, ಒಂದು ದಿನ ಅವನೂ ಹೋಗಿಬಿಟ್ಟ. ಪಾಪ ಅನ್ನಬೇಡಿ, ಅವನು ಪಾಪ ಅನ್ನಿಸಿಕೊಳ್ಳುವಂಥವನಲ್ಲ.

ಹೋದ ಕೊಯ್ಲಿನಲ್ಲಿ ಮಗಳು ನನ್ನನ್ನು ಚಿಕ್ಕಮಗಳೂರಿನ ಒಂದು ಕೆಫೆಗೆ ಕರೆದುಕೊಂಡು ಹೋದಳು. ಹಳೆಯ ಹಾಡುಗಳ ಸಂಜೆ ಅಂತ ಅಲ್ಲಿ ಏರ್ಪಾಡಾಗಿತ್ತು. ಮೂಲೆಯಲ್ಲಿ ಒಂದು ಹಳೆಯ ಪಲ್ಪರ್ ಯಂತ್ರವನ್ನು ಕೆಂಪು ಬಣ್ಣ ಬಳಿದು ಶೋಕಿಗೆ ನಿಲ್ಲಿಸಿದ್ದರು, ಅದರ ಬಾಯಲ್ಲಿ ಹೂವಿನ ಕುಂಡ. ಹಾಡು ಹಾಕುತ್ತಿದ್ದ ಗಡ್ಡದ ಮನುಷ್ಯ ಒಳ್ಳೆಯವನ ಹಾಗೇ ಕಂಡ. ಹಳೆಯ ಗ್ರಾಮಫೋನ್ ತಟ್ಟೆಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಿದ್ದರೂ, ಸದ್ದು ಶುದ್ಧ ಮಾಡಿದ ಹಾಡುಗಳನ್ನು ಕಂಪ್ಯೂಟರಿನಿಂದ ಕೇಳಿಸುತ್ತಿದ್ದ. ನಮ್ಮ ಹಾಡು ಬಂತು. ಗಿಟಾರು ಓಡಿತು, ಏರಿತು, ನಾನು ಉಸಿರು ತೆಗೆದುಕೊಂಡೆ. ಗಿಟಾರು ನಿಲ್ಲಲೇ ಇಲ್ಲ. ಎಡವಿದ ಹಾಗೆ ಒಂದು ಸಣ್ಣ ಜರ್ಕು, ಮುಂದೆ ಹೋಗಿಬಿಟ್ಟಿತು. ಹಾಡು ಮುಗಿದ ಮೇಲೆ ಆತ ಮೈಕಿನಲ್ಲಿ, "ಇದರ ಗಿಟಾರ್ ಯಾರದು ಅಂತ ಗೊತ್ತಿಲ್ಲ, ಬಾಂಬೆಯವರು ಯಾರೋ ಇರಬೇಕು. ಹಳೇ ಟೇಪು ನಡುವೆ ಹರಿದು, ಯಾರೋ ಖಾಲಿ ತುಂಡು ಅಂಟಿಸಿದ ಹಾಗೆ ಒಂದು ಕಡೆ ಸದ್ದೇ ಇರಲಿಲ್ಲ. ಆ ದೋಷ ತೆಗೆದು ಎರಡು ತುದಿ ಸೇರಿಸಿದ್ದೀವಿ" ಅಂದ. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. ಮಗಳು ಸೆರಗು ಹಿಡಿದೆಳೆದಳು. "ಅಮ್ಮಾ, ಬೇಡ. ಎಲ್ರೂ ನೋಡ್ತಿದಾರೆ."

"ನೋಡ್ಲಿ. ರೀ, ಅಲ್ಲೊಂದು ಜಾಗ ಇತ್ತು. ಅದನ್ನ ತೆಗೆಯಕ್ಕೆ ನಿಮಗೆ ಹೇಳಿದವ್ರು ಯಾರು?"

"ಅದು ಟೇಪಿನ ದೋಷ ಆಂಟಿ."

"ದೋಷ ಅಲ್ಲ. ಅದು ನಮ್ಮ ಚಿಕ್ಕಪ್ಪ ಕೈ ಎತ್ತಿದ್ದು."

ಪಲ್ಪರ್ ಮನೆ, ಅಪ್ಪನ ಬುಟ್ಟಿ, ಮಂಕಾಗುವ ಬಲ್ಬು, ಎಲ್ಲವನ್ನೂ ಆ ಕೆಂಪು ಯಂತ್ರದ ಕಡೆ ಕೈ ತೋರಿಸಿ ಹೇಳಿದೆ. ಕೆಲವರು ಫೋನು ಎತ್ತಿ ಹಿಡಿದರು, ಹಿಡಿಯಲಿ. ಆತ ವಿನಯದಿಂದಲೇ ಕೇಳಿದ, "ದಾಖಲೆ ಏನಾದ್ರೂ ಇದೆಯಾ ಆಂಟಿ?"

"ಆ ಹಳೇ ತಟ್ಟೆ ಹಾಕಿ. ಅದು ನಿಂತಾಗ ನೀವು ಕಾಲಲ್ಲಿ ತಾಳ ತಟ್ಟುತ್ತಾ ಇರಿ. ವಾಪಸು ಬರೋವಾಗ ನಿಮ್ಮ ತಾಳಕ್ಕೇ ಬರುತ್ತೆ. ದೋಷಕ್ಕೆ ತಾಳ ಗೊತ್ತಿರುತ್ತಾ?"

ಆತ ನನ್ನ ಮುಖ ನೋಡಿದ. ತಟ್ಟೆ ಹುಡುಕಿ ತೆಗೆದು ಮುಳ್ಳು ಇಟ್ಟ. ಕರಕರ ಸದ್ದಿನ ನಡುವೆ ಹಾಡು ಶುರುವಾಯಿತು. ಗಿಟಾರು ಮುಂದೆ ಬಂತು, ಓಡಿತು, ಏರಿತು. ಆತನ ಬೂಟು ನೆಲ ತಟ್ಟುತ್ತಿತ್ತು.

ಗಿಟಾರು ನಿಂತಿತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ, ಅದುವರೆಗೂ ನನ್ನ ಸೆರಗು ಹಿಡಿದೆಳೆಯುತ್ತಿದ್ದ ಮಗಳು ಎದ್ದು ನಿಂತು, ಕಣ ದಾಟುವ ಗಂಟಲಲ್ಲಿ ಕೂಗಿದಳು:

"ಸೋಮಾ!"

ಆತನ ಬೂಟು ನೆಲ ತಟ್ಟಿತು. ಅದರ ಜೊತೆಗೇ ಗಿಟಾರು ಒಳಗೆ ಬಂತು.